ಹಳೆಯ ಸಿನಿಮಾ ಗೈಡನ್ನು ರದ್ದಿಗೆ ಹಾಕಬೇಡಿ, ಅದರ ಜೊತೆ ಜಗಳ ಆಡಿ

ಪ್ರಶ್ನೆ: ನಾವು ಹುಬ್ಬಳ್ಳಿಯ ವಿದ್ಯಾನಗರದವರು. ಶನಿವಾರ ರಾತ್ರಿ ಊಟ ಮುಗಿಸಿ ಮನೆಮಂದಿಯೆಲ್ಲ ಕೂತು ಒಂದು ಸಿನಿಮಾ ನೋಡುವ ರೂಢಿ ಇದೆ. ನಾನು, ನಮ್ಮ ಯಜಮಾನರು, ಅತ್ತೆ, ಒಂಬತ್ತನೇ ಕ್ಲಾಸಿನ ಮಗ. ಆದರೆ ರಿಮೋಟ್ ಹಿಡಿದು ಹುಡುಕುವುದರಲ್ಲೇ ಒಂದು ತಾಸು ಹೋಗುತ್ತದೆ. ಅಷ್ಟರಲ್ಲಿ ಅತ್ತೆ ಎದ್ದು ಮಲಗುತ್ತಾರೆ, ಮಗ ಮೊಬೈಲ್ ಹಿಡಿಯುತ್ತಾನೆ. ತೀರಿಹೋದ ಮಾವನವರ ಟ್ರಂಕಿನಲ್ಲಿ ಮೊನ್ನೆ ಎರಡು ದಪ್ಪ ಇಂಗ್ಲಿಷ್ ಸಿನಿಮಾ ಗೈಡ್ ಸಿಕ್ಕವು, ಒಂದೊಂದು ಸಿನಿಮಾಕ್ಕೂ ಸ್ಟಾರ್ ಕೊಟ್ಟು ನಾಲ್ಕು ಸಾಲು ವಿಮರ್ಶೆ ಬರೆದಿರುವಂಥವು. ಒಂದು 1994ರ ಲೆನರ್ಡ್ ಮಾಲ್ಟಿನ್, ಇನ್ನೊಂದು ಮುಖಪುಟ ಕಿತ್ತುಹೋದ ಹ್ಯಾಲಿವೆಲ್. ಒಳಗೆ ಅಲ್ಲಲ್ಲಿ ಪೆನ್ಸಿಲ್ ಗುರುತು. ಇವು ಈಗ ಉಪಯೋಗಕ್ಕೆ ಬರುತ್ತವಾ, ಇಲ್ಲಾ ರದ್ದಿಗೆ ಹಾಕೋದಾ? ಕನ್ನಡ ಸಿನಿಮಾಗಳಿಗೆ ಇಂಥ ಪುಸ್ತಕ ಇದೆಯಾ?

ಉತ್ತರ: ರದ್ದಿಗೆ ಹಾಕಬೇಡಿ. ತೂಕಕ್ಕೆ ಕೊಟ್ಟರೆ ಬರುವ ದುಡ್ಡಿನಲ್ಲಿ ಮನೆಮಂದಿಗೆಲ್ಲ ಒಂದೊಂದು ಪ್ಲೇಟ್ ಗಿರ್ಮಿಟ್ ಕೂಡ ಆಗಲಿಕ್ಕಿಲ್ಲ.

ಆದರೆ ಬಹಳ ಮಂದಿ ಈ ಪುಸ್ತಕಗಳನ್ನು ಬಳಸುವ ರೀತಿ ಇದೆಯಲ್ಲ, ಹಾಳೆ ತಿರುವಿ, ನಾಲ್ಕು ಸ್ಟಾರ್ ಎಲ್ಲಿದೆ ನೋಡಿ, ಅದನ್ನೇ ಹಾಕಿಬಿಡುವುದು, ಹಾಗೆ ಮಾಡಿದರೆ ಎರಡೇ ವಾರಕ್ಕೆ ಪುಸ್ತಕದ ಮೇಲೆ ಸಿಟ್ಟು ಬರುತ್ತದೆ. ಗೈಡ್ ಬರೆದವನು ನಮ್ಮ ನಿಮ್ಮ ಹಾಗೆ ಇಷ್ಟಾನಿಷ್ಟ ಇರುವ ಮನುಷ್ಯ. ನಮಗಿಂತ ಸಿನಿಮಾ ಜಾಸ್ತಿ ನೋಡಿದ್ದಾನೆ, ಅಷ್ಟೇ ವ್ಯತ್ಯಾಸ. ಅವನ ರುಚಿ ನಿಮ್ಮ ರುಚಿಗೆ ಎಲ್ಲಿ ಕೂಡುತ್ತದೆ, ಎಲ್ಲಿ ಕೂಡುವುದಿಲ್ಲ ಅಂತ ಗೊತ್ತಾದ ಮೇಲೆಯೇ ಅವನ ಸ್ಟಾರ್‌ಗೆ ಬೆಲೆ. ಅದಕ್ಕೆ ಮೊದಲು ಅವನ ಜೊತೆ ಸ್ವಲ್ಪ ಜಗಳ ಆಡಬೇಕು.

ನಿಮ್ಮ ಬಳಿ ಇರುವ ಇಬ್ಬರೂ ಬೇರೆ ಬೇರೆ ಸ್ವಭಾವದವರು. ಮಾಲ್ಟಿನ್ ಅಮೆರಿಕದವನು. ಅವನ ಗೈಡ್ ಮೊದಲು ಬಂದದ್ದು 1969ರಲ್ಲಿ, ಆಗ ಅವನಿಗೆ ಹದಿನೆಂಟು ವರ್ಷ. ಪುಸ್ತಕದ ಆಗಿನ ಹೆಸರೇ 'ಟಿವಿ ಮೂವೀಸ್'. ಟಿವಿಯಲ್ಲಿ ರಾತ್ರಿ ಹಳೆಯ ಸಿನಿಮಾ ಹಾಕುತ್ತಾರೆ, ಎದ್ದು ಕೂತು ನೋಡಬೇಕಾ, ಮಲಗಬೇಕಾ ಅಂತ ಹೇಳಲಿಕ್ಕೇ ಹುಟ್ಟಿದ ಪುಸ್ತಕ ಅದು. ಅಂದರೆ ನಿಮ್ಮ ಶನಿವಾರದ ತಾಪತ್ರಯ ಆ ಪುಸ್ತಕದಷ್ಟೇ ಹಳೆಯದು. ಮುಂದೆ ಅದು ವರ್ಷಕ್ಕೊಂದು ಆವೃತ್ತಿ ಆಯಿತು, ಅವನ ಜೊತೆ ಒಂದು ತಂಡವೂ ಬರೆಯತೊಡಗಿತು. ಮೇಲೆ ನಾಲ್ಕು ಸ್ಟಾರ್, ತೀರಾ ಕೆಟ್ಟದ್ದಕ್ಕೆ 'ಬಾಂಬ್'.

ಹ್ಯಾಲಿವೆಲ್ ಇಂಗ್ಲೆಂಡಿನವನು. ಲೆಸ್ಲಿ ಹ್ಯಾಲಿವೆಲ್ ಅಂತ ಪೂರ್ತಿ ಹೆಸರು. ಅಲ್ಲಿಯ ಐಟಿವಿ ವಾಹಿನಿಗಳಿಗೆ ಸಿನಿಮಾ ಖರೀದಿ ಮಾಡುವುದೇ ಅವನ ನೌಕರಿ. ಅವನ ಗೈಡ್ ಶುರುವಾದದ್ದು 1977ರಲ್ಲಿ. ಅವನೂ ನಾಲ್ಕು ಸ್ಟಾರ್ ಲೆಕ್ಕವನ್ನೇ ಇಟ್ಟುಕೊಂಡಿದ್ದಾನೆ. ಆದರೆ ಅವನ ಕೈ ಬಹಳ ಬಿಗಿ. ಬಹುಪಾಲು ಸಿನಿಮಾಗಳಿಗೆ ಒಂದು ಸ್ಟಾರ್ ಕೂಡ ಇಲ್ಲ. ಅವನ ಮನಸ್ಸೆಲ್ಲ 1930, 40ರ ದಶಕದ ಚಿತ್ರಗಳಲ್ಲಿ. ಆಮೇಲೆ ಬಂದದ್ದನ್ನು ಅವನು ಮೂಗು ಮುರಿದುಕೊಂಡೇ ನೋಡುತ್ತಾನೆ. ನಮ್ಮ ಕಡೆ ಹಳೆಯ ಕಂಪನಿ ನಾಟಕ ನೋಡಿದ ಹಿರಿಯರು ಇರುತ್ತಾರಲ್ಲ, ಈಗಿನದೆಲ್ಲ ಏನು ನಾಟಕ ಬಿಡ್ರಿ ಅನ್ನುವವರು, ಅದೇ ಜಾತಿ.

ಹಾಗಾಗಿ ಇವರಿಬ್ಬರ ಸ್ಟಾರ್‌ಗಳನ್ನು ಒಂದೇ ತಕ್ಕಡಿಗೆ ಹಾಕಬಾರದು. ಮಾಲ್ಟಿನ್‌ನ ಎರಡೂವರೆ ಸ್ಟಾರ್ ಅಂದರೆ 'ನೋಡಬಹುದು, ನಷ್ಟ ಇಲ್ಲ' ಅನ್ನುವ ಮಟ್ಟ. ಅದೇ ಸಿನಿಮಾ ಹ್ಯಾಲಿವೆಲ್‌ನಲ್ಲಿ ಸ್ಟಾರ್ ಇಲ್ಲದೆ ಬೋಳು ಬೋಳಾಗಿ ಕಾಣಬಹುದು. ಹ್ಯಾಲಿವೆಲ್ ಒಂದು ಸ್ಟಾರ್ ಕೊಟ್ಟಿದ್ದಾನೆ ಅಂದರೆ ಅದರಲ್ಲಿ ನೋಡುವಂಥದ್ದು ಏನೋ ಇದೆ ಅಂತಲೇ ಲೆಕ್ಕ. 1970ರ ನಂತರದ ಚಿತ್ರಕ್ಕೆ ಅವನು ಎರಡು ಸ್ಟಾರ್ ಕೊಟ್ಟಿದ್ದರೆ ಕಣ್ಣುಮುಚ್ಚಿ ಹಾಕಿ. ಅದೇ 1938ರ ಚಿತ್ರಕ್ಕೆ ಮೂರು ಕೊಟ್ಟಿದ್ದರೆ ಸ್ವಲ್ಪ ಅನುಮಾನ ಇರಲಿ, ಹಳೆಯ ಪ್ರೀತಿ ಕೆಲಸ ಮಾಡಿರಬಹುದು.

ಈಗ ಜಗಳದ ವಿಷಯ. ಒಂದು ಮಧ್ಯಾಹ್ನ ನೀವು, ಯಜಮಾನರು, ಮಗ ಮೂವರೂ ಕೂತು, ಈಗಾಗಲೇ ನೋಡಿರುವ ಇಂಗ್ಲಿಷ್ ಸಿನಿಮಾಗಳ ಹೆಸರು ಒಂದು ಹಾಳೆಯಲ್ಲಿ ಬರೆಯಿರಿ. 1993ಕ್ಕಿಂತ ಹಿಂದಿನವು ಇರಬೇಕು, ಯಾಕೆಂದರೆ 1994ರದ್ದು ಅಂತ ಇದ್ದರೂ ನಿಮ್ಮ ಮಾಲ್ಟಿನ್ ಅಲ್ಲಿಗೆ ನಿಲ್ಲುತ್ತದೆ. ಹತ್ತೋ ಹನ್ನೆರಡೋ ಸಾಕು. ಪಕ್ಕದಲ್ಲಿ ನಿಮ್ಮ ಸ್ಟಾರ್ ಹಾಕಿ. ಆಮೇಲೆ ಪುಸ್ತಕ ತೆಗೆಯಿರಿ. ಕೂಡುವ ಕಡೆ ಬಿಟ್ಟುಬಿಡಿ, ಅದರಿಂದ ಕಲಿಯುವುದು ಕಡಿಮೆ. ಕೂಡದ ಕಡೆ ಅವನು ಬರೆದ ಮೂರು ನಾಲ್ಕು ಸಾಲನ್ನು ಓದಿ. ಯಾಕೆ ಬೈದಿದ್ದಾನೆ? ಹೊಡೆದಾಟ, ರಕ್ತ ಜಾಸ್ತಿ ಅಂತಲಾ? ಕಥೆಯೇ ಇಲ್ಲ ಅಂತಲಾ? ನಿಧಾನ ಅಂತಲಾ?

ಮಾಲ್ಟಿನ್‌ನ ವಿಷಯದಲ್ಲಿ ಇದಕ್ಕೆ ಎರಡು ಒಳ್ಳೆಯ ಉದಾಹರಣೆ ಇವೆ. 'ಟ್ಯಾಕ್ಸಿ ಡ್ರೈವರ್'ಗೆ ಅವನು ಕೊಟ್ಟದ್ದು ಎರಡು ಸ್ಟಾರ್. 'ಬ್ಲೇಡ್ ರನ್ನರ್'ಗೆ ಒಂದೂವರೆ. ಜಗತ್ತೆಲ್ಲ ಈ ಎರಡನ್ನೂ ದೊಡ್ಡ ಚಿತ್ರ ಅನ್ನುತ್ತದೆ, ಇವನು ಮಾತ್ರ ಒಪ್ಪುವುದಿಲ್ಲ. ಇದನ್ನು ನೋಡಿ 'ಇವನಿಗೇನು ಗೊತ್ತು' ಅಂತ ಪುಸ್ತಕ ಮುಚ್ಚುವವರು ಬಹಳ ಜನ. ನಾನು ಉಲ್ಟಾ ಹೇಳುತ್ತೇನೆ. ಇಂಥ ಎರಡು ಕಡೆ ಸಿಕ್ಕರೆ ಆ ಮನುಷ್ಯ ನಿಮಗೆ ಅರ್ಥವಾದ ಹಾಗೆ. ಕತ್ತಲು ಕತ್ತಲಾದ, ಮನಸ್ಸಿಗೆ ಭಾರವಾಗುವ ಸಿನಿಮಾ ಅಂದರೆ ಇವನು ಕೈ ಬಿಗಿ ಮಾಡುತ್ತಾನೆ. ಅಂಥದ್ದು ನಿಮ್ಮ ಯಜಮಾನರಿಗೆ ಇಷ್ಟ ಅಂತಾದರೆ ಮಾಲ್ಟಿನ್ ಬೈದದ್ದನ್ನೇ ಹುಡುಕಿ ನೋಡಬಹುದು. ಅತ್ತೆಯವರು ಜೊತೆ ಕೂತಾಗ ಅವನು ಹೊಗಳಿದ್ದನ್ನು ಹಾಕಬಹುದು. ಒಂದೇ ಪುಸ್ತಕ, ಎರಡು ಕೆಲಸ.

ಅವನ ಬರವಣಿಗೆಯ ಚುರುಕಿಗೂ ಒಂದು ಉದಾಹರಣೆ ಹೇಳಿಬಿಡುತ್ತೇನೆ. 1948ರ ಒಂದು ಹಾಡು-ಕುಣಿತದ ಸಿನಿಮಾ ಇದೆ, ಹೆಸರು 'ಇಸಂಟ್ ಇಟ್ ರೊಮ್ಯಾಂಟಿಕ್?' ಅದರ ಮೇಲೆ ಮಾಲ್ಟಿನ್‌ನ ಪೂರ್ತಿ ವಿಮರ್ಶೆ ಒಂದೇ ಪದ: 'ನೋ.' ಮಗನಿಗೆ ತೋರಿಸಿ, ಪುಸ್ತಕದ ಮೇಲೆ ಪ್ರೀತಿ ಹುಟ್ಟೀತು.

ಸ್ಟಾರ್‌ಗಿಂತ ನನಗೆ ಜಾಸ್ತಿ ಕೆಲಸಕ್ಕೆ ಬರುವುದು ಸ್ಟಾರ್ ಪಕ್ಕದ ಸಣ್ಣ ಅಕ್ಷರಗಳು. ಮಾಲ್ಟಿನ್‌ನಲ್ಲಿ ಹೆಸರಾದ ಮೇಲೆ ವರ್ಷ, ಆಮೇಲೆ ನಿಮಿಷ. ನಿಮಿಷದ ಹಿಂದೆ 'ಸಿ' ಅಕ್ಷರ ಇದ್ದರೆ ಕಲರ್, ಇಲ್ಲದಿದ್ದರೆ ಕಪ್ಪು-ಬಿಳುಪು. ಮುಂದೆ 'ಡಿ' ಅಂತ ಬಂದರೆ ನಿರ್ದೇಶಕ. ಹ್ಯಾಲಿವೆಲ್‌ನಲ್ಲಿ ದೇಶ, ವರ್ಷ, ನಿಮಿಷ ಒಂದೇ ಸಾಲಿನಲ್ಲಿ. ಕೆಳಗೆ ಕಥೆ ಒಂದು ವಾಕ್ಯ, ಅವನ ಅಭಿಪ್ರಾಯ ಬೇರೆ ವಾಕ್ಯ. ಇದು ಬಹಳ ಒಳ್ಳೆಯ ಪದ್ಧತಿ. ಅಭಿಪ್ರಾಯ ಬೇಡ ಅಂದರೆ ಬರೀ ಕಥೆ ಓದಿ ನಿರ್ಧಾರ ಮಾಡಬಹುದು.

ನಿಮಿಷ ಯಾಕೆ ಮುಖ್ಯ ಅಂದರೆ, ನಿಮ್ಮ ಮನೆಯಲ್ಲಿ ರೊಟ್ಟಿ ಊಟ ಮುಗಿದು, ಅಡುಗೆಮನೆ ಸ್ವಚ್ಛ ಆಗಿ, ಎಲ್ಲರೂ ಕೂರುವಷ್ಟರಲ್ಲಿ ಒಂಬತ್ತೂವರೆ ಆಗಿರುತ್ತದೆ. ಆಗ ಎರಡೂವರೆ ತಾಸಿನ ಸಿನಿಮಾ ಹಾಕಿದರೆ ಅತ್ತೆಯವರು ಮಧ್ಯದಲ್ಲೇ ಏಳುತ್ತಾರೆ, ತಪ್ಪು ಅವರದಲ್ಲ. 1930, 40ರ ದಶಕದ ಹಾಲಿವುಡ್ ಚಿತ್ರಗಳು ಬಹಳಷ್ಟು ತೊಂಬತ್ತು ನಿಮಿಷದ ಆಸುಪಾಸಿನವು. ನೂರು ನಿಮಿಷದ ಒಳಗಿನವಕ್ಕೆ ಮಾತ್ರ ಪುಸ್ತಕದಲ್ಲಿ ಬೇರೆ ಗುರುತು ಹಾಕಿಕೊಳ್ಳಿ.

ಗೈಡಿನ ನಿಮಿಷಕ್ಕೂ ನಿಮ್ಮ ಟಿವಿಯಲ್ಲಿ ತೋರಿಸುವ ನಿಮಿಷಕ್ಕೂ ವ್ಯತ್ಯಾಸ ಬಂದರೆ ಗಾಬರಿ ಬೇಡ. ಸಿನಿಮಾ ಓಡುವುದು ಸೆಕೆಂಡಿಗೆ 24 ಫ್ರೇಮ್, ಅಂದರೆ 24 ಬಿಡಿ ಚಿತ್ರಗಳ ಲೆಕ್ಕದಲ್ಲಿ. ನಮ್ಮ ದೇಶದ, ಇಂಗ್ಲೆಂಡಿನ ಹಳೆಯ ಟಿವಿ ಪದ್ಧತಿಯಲ್ಲಿ ಅದು 25ರಲ್ಲಿ ಓಡುತ್ತಿತ್ತು. ಹಾಗಾಗಿ ನೂರು ನಿಮಿಷದ ಚಿತ್ರ ವಿಡಿಯೊದಲ್ಲಿ 96 ನಿಮಿಷಕ್ಕೆ ಮುಗಿಯುತ್ತಿತ್ತು, ಏನೂ ಕತ್ತರಿಸದೆಯೇ. ನಿಜವಾಗಿ ಕತ್ತರಿಸಿದ್ದೂ ಉಂಟು, ಅದನ್ನು ಮುಂದೆ ಹೇಳುತ್ತೇನೆ.

ಮಗನ ವಿಷಯಕ್ಕೆ ಬಂದರೆ, ಮಾಲ್ಟಿನ್‌ನಲ್ಲಿ ವಿಮರ್ಶೆಯ ಕೊನೆಗೆ ಅಮೆರಿಕದ ಸರ್ಟಿಫಿಕೇಟ್ ಕೊಟ್ಟಿರುತ್ತಾರೆ. 'ಪಿಜಿ', 'ಪಿಜಿ-13' ಅಂತಿದ್ದರೆ ಅವನು ನೋಡಬಹುದು. 'ಆರ್' ಅಂತಿದ್ದರೆ ಅಲ್ಲಿ ಹದಿನೇಳರ ಒಳಗಿನವರು ದೊಡ್ಡವರ ಜೊತೆ ಬಂದರೆ ಮಾತ್ರ ಪ್ರವೇಶ. ನೀವು ಮೊದಲು ನೋಡಿ ಆಮೇಲೆ ತೋರಿಸಿ. ಹಳೆಯ ಚಿತ್ರಗಳಿಗೆ ಏನೂ ಇರುವುದಿಲ್ಲ, ಆ ಪದ್ಧತಿ ಶುರುವಾದದ್ದೇ 1968ರ ಕೊನೆಗೆ. ಪಿಜಿ-13 ಬಂದದ್ದು 1984ರಲ್ಲಿ, ಅದಕ್ಕೂ ಹಿಂದಿನ ಪಿಜಿ ಚಿತ್ರಗಳಲ್ಲಿ ಕೆಲವು ಸ್ವಲ್ಪ ಖಾರವೇ. ನಮ್ಮಲ್ಲೂ ಈಗ ಓಟಿಟಿಯಲ್ಲಿ ಯು/ಎ 7+, 13+, 16+ ಅಂತ ತೋರಿಸುತ್ತಾರೆ. 2024ರಿಂದ ಥಿಯೇಟರ್ ಸಿನಿಮಾಗಳ ಸರ್ಟಿಫಿಕೇಟಿಗೂ ಅದೇ ವಿಂಗಡಣೆ ಬಂದಿದೆ. ಎರಡನ್ನೂ ತಾಳೆ ನೋಡಿ.

ಅತ್ತೆಯವರ ಬಗ್ಗೆ ನೀವು ಒಂದೇ ಸಾಲು ಬರೆದಿದ್ದೀರಿ, ಆದರೆ ನಿಮ್ಮ ಮನೆಯ ನಿಜವಾದ ಸಮಸ್ಯೆ ಅಲ್ಲೇ ಇದೆ ಅಂತ ನನಗೆ ಅನಿಸುತ್ತದೆ. ಅವರಿಗೆ ಇಂಗ್ಲಿಷ್ ಸಬ್‌ಟೈಟಲ್ ಓದಲು ಆಗದಿದ್ದರೆ ಅವರು ಏಳದೆ ಇನ್ನೇನು ಮಾಡಬೇಕು? ಈ ಗೈಡುಗಳು ಅದಕ್ಕೆ ಉತ್ತರ ಕೊಡುವುದಿಲ್ಲ. ಕನ್ನಡಕ್ಕೆ ಡಬ್ ಆದ ಸಿನಿಮಾಗಳು ಬಹಳ ವರ್ಷ ಇಲ್ಲವೇ ಇಲ್ಲ ಅನ್ನುವಂತಿದ್ದವು. 2015ರಲ್ಲಿ ಸ್ಪರ್ಧಾ ಆಯೋಗ, ಅಂದರೆ ವ್ಯಾಪಾರದಲ್ಲಿ ಪೈಪೋಟಿಗೆ ಅಡ್ಡಿ ಮಾಡುವವರ ಮೇಲೆ ಕಣ್ಣಿಡುವ ಕೇಂದ್ರದ ಸಂಸ್ಥೆ, ಡಬ್ಬಿಂಗ್ ತಡೆಯುವವರ ವಿರುದ್ಧ ಆದೇಶ ಕೊಟ್ಟ ಮೇಲೆ ನಿಧಾನವಾಗಿ ಬರತೊಡಗಿದವು. ಆದ್ದರಿಂದ ಯಾವ ಚಿತ್ರ ಆಯ್ದುಕೊಂಡರೂ ಓಟಿಟಿಯಲ್ಲಿ ಕನ್ನಡ ಆಡಿಯೊ ಇದೆಯಾ ಅಂತ ಮೊದಲು ನೋಡಿ.

ಇನ್ನೊಂದು ದಾರಿ ಮಾತೇ ಬೇಡದ ಸಿನಿಮಾ. ಚಾಪ್ಲಿನ್‌ನ 'ಮಾಡರ್ನ್ ಟೈಮ್ಸ್', 1936, 87 ನಿಮಿಷ. ಬಸ್ಟರ್ ಕೀಟನ್‌ನ 'ದ ಜನರಲ್', 1926, ಅದು ಇನ್ನೂ ಚಿಕ್ಕದು, ಪೂರ್ತಿ ರೈಲಿನ ಮೇಲೆಯೇ ನಡೆಯುವ ಕಥೆ. ಕೀಟನ್ ಸಿನಿಮಾ ಯೂಟ್ಯೂಬಿನಲ್ಲೂ ಸಿಗುತ್ತದೆ. ನಿಮ್ಮದು ರೈಲ್ವೆ ಊರು, ಅತ್ತೆಯವರಿಗೆ ರೈಲು ಹೊಸದಲ್ಲ. ಇಂಜಿನ್ನಿನ ಚಕ್ರಕ್ಕೆ ಜೋಡಿಸಿದ ಕಬ್ಬಿಣದ ಸಲಾಕೆಯ ಮೇಲೆ ಕೀಟನ್ ಮುಖ ಸಪ್ಪೆ ಮಾಡಿಕೊಂಡು ಕೂತಿರುತ್ತಾನೆ, ಇಂಜಿನ್ ಹೊರಡುತ್ತದೆ, ಅವನು ಕೂತಲ್ಲೇ ಮೇಲೆ ಕೆಳಗೆ ಹೋಗುತ್ತಾ ಶೆಡ್ಡಿನ ಒಳಗೆ ಮಾಯವಾಗುತ್ತಾನೆ. ಇದಕ್ಕೆ ಯಾವ ಭಾಷೆ ಬೇಕು ಹೇಳಿ.

ಕನ್ನಡದ ಪ್ರಶ್ನೆಗೆ ಬರುತ್ತೇನೆ. ಈ ಎರಡು ಪುಸ್ತಕಗಳಲ್ಲಿ ಭಾರತ ಅಂದರೆ ಬಹುಮಟ್ಟಿಗೆ ಸತ್ಯಜಿತ್ ರಾಯ್. ಕನ್ನಡ ಸಿನಿಮಾ ಹುಡುಕಲು ಹೋಗಬೇಡಿ. ವರ್ಷ ವರ್ಷ ಹೊಸದಾಗಿ ಬರುವ ಇಂಥ ಸ್ಟಾರ್ ಗೈಡ್ ನಮ್ಮಲ್ಲಿ ಬೆಳೆಯಲೇ ಇಲ್ಲ. ವಿಮರ್ಶೆಗಳೆಲ್ಲ ಪತ್ರಿಕೆಗಳಲ್ಲಿ ಬಂದು ರದ್ದಿಗೆ ಹೋದವು. ಆದರೂ ಎರಡು ಪುಸ್ತಕ ಹೇಳುತ್ತೇನೆ. ಒಂದು ಆಶಿಶ್ ರಾಜಾಧ್ಯಕ್ಷ ಮತ್ತು ಪಾಲ್ ವಿಲ್ಲೆಮೆನ್ ಸೇರಿ ಮಾಡಿದ ಭಾರತೀಯ ಸಿನಿಮಾ ವಿಶ್ವಕೋಶ, ಇಂಗ್ಲಿಷಿನಲ್ಲಿ, ಮೊದಲು 1994ರಲ್ಲಿ, ತಿದ್ದಿದ್ದು 1999ರಲ್ಲಿ ಬಂತು. ಅದರಲ್ಲಿ ಕನ್ನಡ ಚಿತ್ರಗಳು ಬೇಕಾದಷ್ಟಿವೆ, ವರ್ಷದ ಕ್ರಮದಲ್ಲಿ. ಸ್ಟಾರ್ ಇಲ್ಲ. ಪಂಡಿತರ ಇಂಗ್ಲಿಷ್, ಜೊತೆಗೆ ಕಥೆಯ ಗುಟ್ಟನ್ನೂ ಬಿಟ್ಟುಕೊಡುತ್ತದೆ, ಅದಕ್ಕೆ ಅರ್ಧ ಓದಿ ನಿಲ್ಲಿಸಿ. ಬೆಲೆ ಜಾಸ್ತಿ, ಕೊಳ್ಳುವ ಬದಲು ದೊಡ್ಡ ಲೈಬ್ರರಿಯಲ್ಲಿ ಕೂತು ನೋಡುವ ಪುಸ್ತಕ. ಇನ್ನೊಂದು ಕೆ. ಪುಟ್ಟಸ್ವಾಮಿಯವರ 'ಸಿನಿಮಾ ಯಾನ', ರಾಷ್ಟ್ರಪ್ರಶಸ್ತಿ ಪಡೆದ ಪುಸ್ತಕ. ಅದು ಗೈಡ್ ಅಲ್ಲ, ಕನ್ನಡ ಸಿನಿಮಾದ ಕಥೆ. ಆದರೆ ಓದುತ್ತಾ ಹೋದರೆ ನೋಡಬೇಕಾದ ಹೆಸರುಗಳು ತಾವಾಗಿ ಸಿಗುತ್ತವೆ.

ಪುಸ್ತಕ ಸಿಗದಿದ್ದರೆ ರಾಷ್ಟ್ರಪ್ರಶಸ್ತಿಯಲ್ಲಿ ವರ್ಷದ ಅತ್ಯುತ್ತಮ ಚಿತ್ರಕ್ಕೆ ಕೊಡುವ ಸ್ವರ್ಣಕಮಲದ ಪಟ್ಟಿ ಇದೆ. ಅದನ್ನು ಗೆದ್ದ ಕನ್ನಡ ಚಿತ್ರಗಳು ಆರು: ಸಂಸ್ಕಾರ, ಚೋಮನ ದುಡಿ, ಘಟಶ್ರಾದ್ಧ, ತಬರನ ಕಥೆ, ತಾಯಿ ಸಾಹೇಬ, ದ್ವೀಪ. ಕೊನೆಯ ನಾಲ್ಕೂ ಗಿರೀಶ ಕಾಸರವಳ್ಳಿಯವರವು. ಎಲ್ಲವೂ ದೊಡ್ಡ ಚಿತ್ರಗಳೇ. ಆದರೆ ಪ್ರಶಸ್ತಿ ಕೊಡುವವರು ಶನಿವಾರ ರಾತ್ರಿಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ವಾರವಿಡೀ ಕೆಲಸ ಮಾಡಿ ದಣಿದ ದಿನ 'ತಬರನ ಕಥೆ' ಹಾಕಿ ಕೂತರೆ ಯಾರಿಗೂ ನಿದ್ದೆ ಬರುವುದಿಲ್ಲ. ಅದನ್ನು ಒಂದು ಭಾನುವಾರ ಮಧ್ಯಾಹ್ನಕ್ಕೆ ಇಟ್ಟುಕೊಳ್ಳಿ.

ಗೈಡಿನ ನಿಜವಾದ ರುಚಿ ಇರುವುದು ಒಂದು ಹೆಸರಿನಿಂದ ಇನ್ನೊಂದಕ್ಕೆ ಹೋಗುವುದರಲ್ಲಿ. ನಮ್ಮ ಊರಿನಿಂದಲೇ ಶುರು ಮಾಡೋಣ. ಗಿರೀಶ ಕಾರ್ನಾಡರು ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿದವರು. ಅವರು 1978ರಲ್ಲಿ 'ಒಂದಾನೊಂದು ಕಾಲದಲ್ಲಿ' ಮಾಡಿದರು. ಬಾಡಿಗೆಗೆ ಯುದ್ಧ ಮಾಡುವ ಸೈನಿಕರ ಕಥೆ. ಶಂಕರನಾಗ್ ಅವರ ಮೊದಲ ಚಿತ್ರ. ಮೊದಲು ಅದನ್ನು ಮನೆಯವರಿಗೆಲ್ಲ ತೋರಿಸಿ, ಕನ್ನಡ, ಕತ್ತಿವರಸೆ ಎರಡೂ ಇದೆ. ಕಾರ್ನಾಡರು ಅದನ್ನು ಜಪಾನಿನ ಅಕಿರಾ ಕುರೊಸಾವನ ಸಮುರಾಯ್ ಚಿತ್ರಗಳ ಗುಂಗಿನಲ್ಲಿ ಮಾಡಿದ್ದು. ಈಗ ಮಾಲ್ಟಿನ್ ತೆಗೆದು ಕುರೊಸಾವನ 'ಸೆವೆನ್ ಸಮುರಾಯ್' ನೋಡಿ. 1954ರ ಚಿತ್ರ, ಪೂರ್ತಿ ಪ್ರತಿ 207 ನಿಮಿಷ. ಆಗಲೇ ಹೇಳಿದೆನಲ್ಲ, ಇದು ನಿಜವಾಗಿ ಕತ್ತರಿಸಿದ ಚಿತ್ರ. ಹೊರದೇಶಗಳಲ್ಲಿ ಬಹಳ ವರ್ಷ ಗಿಡ್ಡ ಪ್ರತಿಯೇ ಓಡಿತು. ಹಳೆಯ ಗೈಡಿನಲ್ಲಿ ಕಡಿಮೆ ನಿಮಿಷ ಕಂಡರೆ ಅಚ್ಚಿನ ತಪ್ಪು ಅಂದುಕೊಳ್ಳಬೇಡಿ. ಮೂರೂವರೆ ತಾಸು ಶನಿವಾರ ರಾತ್ರಿಗೆ ಆಗದು, ಅಲ್ವಾ? ಹಾಗಾದರೆ ಅದೇ ನಿರ್ದೇಶಕನ 'ಯೋಜಿಂಬೊ', 1961, 110 ನಿಮಿಷ. ಒಬ್ಬ ಕತ್ತಿಯವನು ಒಂದು ಊರಿಗೆ ಬರುತ್ತಾನೆ, ಅಲ್ಲಿ ಎರಡು ಪಾರ್ಟಿ, ಎರಡೂ ಪಾರ್ಟಿಗೆ ಕೆಲಸ ಮಾಡುವ ಹಾಗೆ ನಟಿಸಿ ಇಬ್ಬರನ್ನೂ ಕಾದಾಡಿಸುತ್ತಾನೆ. ನಮ್ಮ ಕಡೆಯ ಹಳ್ಳಿ ರಾಜಕೀಯ ಕಂಡವರಿಗೆ ಪೀಠಿಕೆಯೇ ಬೇಡ.

ಇದನ್ನೇ ಇಟಲಿಯ ಸೆರ್ಜಿಯೊ ಲಿಯೋನೆ 1964ರಲ್ಲಿ ಕೌಬಾಯ್ ವೇಷ ಹಾಕಿಸಿ 'ಎ ಫಿಸ್ಟ್‌ಫುಲ್ ಆಫ್ ಡಾಲರ್ಸ್' ಅಂತ ಮಾಡಿದ. ಕೇಳದೆ ಮಾಡಿದ್ದಕ್ಕೆ ಜಪಾನಿನ ಕಂಪನಿ ಕೇಸು ಹಾಕಿತು, ಕೊನೆಗೆ ರಾಜಿ ಆಯಿತು. ಕ್ಲಿಂಟ್ ಈಸ್ಟ್‌ವುಡ್ ದೊಡ್ಡ ಹೆಸರಾದದ್ದು ಇಲ್ಲಿಂದ. ನೋಡಿ, ಧಾರವಾಡದಿಂದ ಹೊರಟು ಮೂರು ಶನಿವಾರಕ್ಕೆ ಕೌಬಾಯ್ ತನಕ ಬಂದೆವು. ನಿಮ್ಮ ಮಗ ಮೊಬೈಲ್ ಬಿಡುವುದು ಈ ಮೂರನೆಯದಕ್ಕೆ. ಆದರೆ ಮೊದಲ ಎರಡು ನೋಡಿದ್ದರೆ ಮಾತ್ರ ಅವನಿಗೆ ಪೂರ್ತಿ ಮಜಾ ಸಿಗುತ್ತದೆ. ಫೋನಿನ ಆ್ಯಪ್ ಕೂಡ 'ನೀವು ಇದನ್ನು ನೋಡಿದ್ದೀರಿ, ಇದನ್ನೂ ನೋಡಿ' ಅನ್ನುತ್ತದೆ. ಆದರೆ ಅದು ತನ್ನ ಹತ್ತಿರ ಇದ್ದದ್ದನ್ನೇ ತೋರಿಸುತ್ತದೆ. ಮೂರು ಬೇರೆ ಅಂಗಡಿಯಲ್ಲಿ ಇರುವ ಮೂರು ಚಿತ್ರಕ್ಕೆ ದಾರ ಪೋಣಿಸುವುದಿಲ್ಲ.

ಅತ್ತೆಯವರ ಕಡೆಯಿಂದಲೂ ಹೀಗೆ ಒಂದು ಎಳೆ ತೆಗೆಯಬಹುದು. 1990ರ 'ಸಂತ ಶಿಶುನಾಳ ಷರೀಫ'ದಲ್ಲಿ ಗೋವಿಂದ ಭಟ್ಟರ ಪಾತ್ರ ಮಾಡಿದ್ದು ಇದೇ ಕಾರ್ನಾಡರು. ಶಿಶುನಾಳ ನಮ್ಮ ಹಾವೇರಿ ಜಿಲ್ಲೆಯ ಊರು, ಪದಗಳು ಅತ್ತೆಯವರ ಬಾಯಲ್ಲೇ ಇದ್ದಾವು. ಆ ಚಿತ್ರದ ನಿರ್ದೇಶಕ ನಾಗಾಭರಣ ಅವರ 'ನಾಗಮಂಡಲ' ಕಾರ್ನಾಡರದೇ ನಾಟಕ, ಮಾತು ನಮ್ಮ ಉತ್ತರ ಕರ್ನಾಟಕದ್ದು.

ನೆಟ್‌ನಲ್ಲಿ ಪರ್ಸೆಂಟ್ ಸಿಗುವಾಗ ಪುಸ್ತಕ ಯಾಕೆ ಅಂತ ಮಗ ಕೇಳಿಯೇ ಕೇಳುತ್ತಾನೆ. ವಿಮರ್ಶಕರ ಅಭಿಪ್ರಾಯ ಒಟ್ಟುಮಾಡುವ ರಾಟನ್ ಟೊಮ್ಯಾಟೋಸ್ ಅನ್ನುವ ವೆಬ್‌ಸೈಟಿನ 95 ಪರ್ಸೆಂಟ್ ಅಂದರೆ ನೂರಕ್ಕೆ 95 ಮಾರ್ಕ್ಸ್ ಅಲ್ಲ. ನೂರು ವಿಮರ್ಶಕರಲ್ಲಿ 95 ಮಂದಿ 'ಪರವಾಗಿಲ್ಲ, ಚೆನ್ನಾಗಿದೆ' ಅಂದಿದ್ದಾರೆ ಅಂತ. ಎಲ್ಲರೂ ಐದಕ್ಕೆ ಮೂರು ಕೊಟ್ಟ ಸಾಧಾರಣ ಚಿತ್ರಕ್ಕೂ ಅಲ್ಲಿ ಭರ್ಜರಿ ಪರ್ಸೆಂಟ್ ಬರಬಹುದು. ಅರ್ಧ ಜನ ತಲೆ ಮೇಲೆ ಹೊತ್ತು, ಅರ್ಧ ಜನ ಉಗಿದ ಸಿನಿಮಾ ಕೆಳಗೆ ಬೀಳುತ್ತದೆ. ಅಂಥದ್ದೇ ಬಹಳ ಸಲ ನೆನಪಿನಲ್ಲಿ ಉಳಿಯುವ ಚಿತ್ರ. ಆದರೂ 1993ರ ನಂತರದ ಚಿತ್ರಗಳಿಗೆ ನೀವು ನೆಟ್ ನೋಡಲೇಬೇಕು. ಮಾಲ್ಟಿನ್‌ನ ದೊಡ್ಡ ಗೈಡ್ ಕೂಡ 2015ರ ಆವೃತ್ತಿಗೆ ನಿಂತುಹೋಯಿತು, ಹ್ಯಾಲಿವೆಲ್ ಅದಕ್ಕೂ ಮೊದಲೇ ನಿಂತಿತ್ತು. ಪರ್ಸೆಂಟ್ ಬಿಟ್ಟು, ಒಬ್ಬ ವಿಮರ್ಶಕರನ್ನು ಹಿಡಿದುಕೊಂಡು ಅವರ ಬರಹವನ್ನೇ ಓದಿ. ಜಗಳದ ಪರೀಕ್ಷೆ ಅವರಿಗೂ ಮಾಡಿ.

ಶನಿವಾರ ರಾತ್ರಿ ಮಾತ್ರ ಪುಸ್ತಕ ಮುಟ್ಟಬೇಡಿ. ರಿಮೋಟ್ ಬದಲು ಪುಸ್ತಕ ತಿರುವುತ್ತಾ ತಾಸು ಕಳೆದರೆ ಏನು ಸುಖ? ಗುರುವಾರವೋ ಶುಕ್ರವಾರವೋ ಒಬ್ಬರು ಆಯ್ಕೆ ಮಾಡಲಿ, ವಾರಕ್ಕೊಬ್ಬರಂತೆ. ಅವತ್ತೇ ಅದು ಎಲ್ಲಿ ಸಿಗುತ್ತದೆ, ಯಾವ ಭಾಷೆಯಲ್ಲಿ ಇದೆ ನೋಡಿಡಲಿ. ಜೊತೆಗೆ ಒಂದು ಬದಲಿ ಚಿತ್ರ. ಇಪ್ಪತ್ತು ನಿಮಿಷ ಆದಮೇಲೂ ಇಬ್ಬರಿಗೆ ಬೇಸರ ಅಂದರೆ ಬದಲಿ ಹಾಕಿ, ಆಮೇಲೆ ಮತ್ತೆ ಬದಲಾಯಿಸುವಂತಿಲ್ಲ. ಹುಡುಕುವಾಗ ಹೆಸರು ಸಿಗದಿದ್ದರೆ ಇನ್ನೊಂದು ಹೆಸರಿನಲ್ಲಿ ನೋಡಿ. ಇಟಲಿಯ ಒಂದು ಪ್ರಸಿದ್ಧ ಚಿತ್ರ ಅಮೆರಿಕದಲ್ಲಿ 'ಬೈಸಿಕಲ್ ಥೀಫ್', ಇಂಗ್ಲೆಂಡಿನಲ್ಲಿ 'ಬೈಸಿಕಲ್ ಥೀವ್ಸ್'. ನಿಮ್ಮ ಎರಡು ಪುಸ್ತಕ ಎರಡು ದೇಶದವು, ಈ ಗೊಂದಲ ಬಂದೇ ಬರುತ್ತದೆ.

ಮಾವನವರ ಪೆನ್ಸಿಲ್ ಗುರುತನ್ನು ಅಳಿಸಬೇಡಿ. ನಿಮ್ಮ ಮನೆಗೆ ಮಾಲ್ಟಿನ್, ಹ್ಯಾಲಿವೆಲ್ ಇಬ್ಬರಿಗಿಂತ ಹತ್ತಿರದ ಮೂರನೇ ವಿಮರ್ಶಕರು ಅವರು. ಆ ಗುರುತು ನೋಡಿದ್ದಕ್ಕೆ ಹಾಕಿದ್ದೋ, ನೋಡಬೇಕು ಅಂತ ಹಾಕಿದ್ದೋ ಅತ್ತೆಯವರನ್ನು ಕೇಳಿ. ಒಂದೇ ಚಿತ್ರಕ್ಕೆ ಎರಡೂ ಪುಸ್ತಕದಲ್ಲಿ ಗುರುತು ಇದೆಯಾ ಹುಡುಕಿ, ಇದ್ದರೆ ಅದನ್ನು ಮೊದಲು ಹಾಕಿ.

ಇನ್ನೊಂದು ಗೈಡ್ ಕೊಳ್ಳಬೇಕು ಅನಿಸಿದರೆ ಹಳೆಯ ಪುಸ್ತಕದಂಗಡಿಯಲ್ಲಿ 'ಟೈಮ್ ಔಟ್' ಗೈಡ್ ಸಿಕ್ಕರೆ ಬಿಡಬೇಡಿ. ಅದರಲ್ಲಿ ಬಹಳ ಮಂದಿ ಬರೆದಿದ್ದಾರೆ, ಪ್ರತಿ ವಿಮರ್ಶೆಯ ಕೆಳಗೆ ಬರೆದವರ ಇನಿಶಿಯಲ್ ಇರುತ್ತದೆ, ಕುರೊಸಾವ ಥರದ ಹೊರದೇಶದ ಚಿತ್ರಗಳಿಗೆ ಅದು ಹ್ಯಾಲಿವೆಲ್‌ಗಿಂತ ಉದಾರಿ. 'ಸಾಯುವ ಮೊದಲು ನೋಡಲೇಬೇಕಾದ' ಇಷ್ಟು ಚಿತ್ರ ಅನ್ನುವಂಥ ಪುಸ್ತಕಗಳು ಬೇಡ. ಅವುಗಳಲ್ಲಿ ಎಲ್ಲವೂ ಒಳ್ಳೆಯದೇ, ಆದ್ದರಿಂದ ಆರಿಸಲು ಏನೂ ಸಹಾಯ ಆಗುವುದಿಲ್ಲ.

ಮುಖಪುಟ ಹೋದ ಹ್ಯಾಲಿವೆಲ್ ಯಾವ ಕಾಲದ್ದು ಅಂತ ತಿಳಿಯಲು ಅದರಲ್ಲಿರುವ ತೀರಾ ಈಚಿನ ಸಿನಿಮಾ ಯಾವುದು ನೋಡಿ. ಹ್ಯಾಲಿವೆಲ್ ತೀರಿಕೊಂಡದ್ದು 1989ರಲ್ಲಿ. 1990ರ ಚಿತ್ರಗಳು ಕಂಡರೆ ಅದು ಜಾನ್ ವಾಕರ್ ತಿದ್ದಿ ಮುಂದುವರಿಸಿದ ಆವೃತ್ತಿ, ಅದರಲ್ಲಿ ಹೊಸ ಚಿತ್ರಗಳ ಮೇಲೆ ಅಷ್ಟು ಸಿಟ್ಟು ಇರುವುದಿಲ್ಲ, ಮೇಲೆ ಹೇಳಿದ ಲೆಕ್ಕವನ್ನು ಸ್ವಲ್ಪ ಸಡಿಲ ಮಾಡಿಕೊಳ್ಳಿ. 1989ರ ಒಳಗೇ ನಿಂತಿದ್ದರೆ ಶುದ್ಧ ಹ್ಯಾಲಿವೆಲ್. ಯಾವುದೇ ಆಗಲಿ, ಕಿತ್ತುಹೋಗುವ ಮೊದಲು ಬೈಂಡಿಂಗ್ ಮಾಡಿಸಿ.